ಒಗ್ಗದ ಊಟ, ಬೂಷ್ಟು ಹಿಡಿದ ಗೋಡೆ: ಅಲರ್ಜಿಯ ಚರಿತ್ರೆಯಲ್ಲಿ ನಮ್ಮ ಅಡುಗೆಮನೆ

"ನನಗೆ ಬದನೆಕಾಯಿ ಒಗ್ಗಲ್ಲ ಕಣ್ರೀ." "ಮಗುಗೆ ಶೇಂಗಾ ಕೊಟ್ರೆ ಪಿತ್ತದ ಗಂಧೆ ಏಳ್ತಾವೆ." "ಮಳೆಗಾಲ ಶುರುವಾದ್ರೆ ಅತ್ತೆಯವರಿಗೆ ಸೀನು ನಿಲ್ಲೋದೇ ಇಲ್ಲ." ಕನ್ನಡದ ಹೆಣ್ಣುಮಕ್ಕಳು ನಾಲ್ಕು ಜನ ಸೇರಿದ ಕಡೆ ಈ ಮೂರು ಮಾತುಗಳಲ್ಲಿ ಒಂದಾದರೂ ಕಿವಿಗೆ ಬಿದ್ದೇ ಬೀಳುತ್ತದೆ. ಒಂದು ಊಟದ ಮಾತು, ಒಂದು ಚರ್ಮದ ಮಾತು, ಮತ್ತೊಂದು ಮೂಗಿನ ಮಾತು. ಈ ಮೂರೂ ಒಂದೇ ಕುಟುಂಬಕ್ಕೆ ಸೇರಿದವು ಎಂದು ಕಂಡುಕೊಳ್ಳಲು ಮನುಷ್ಯರಿಗೆ ಬಹಳ ಕಾಲ ಹಿಡಿಯಿತು. ಆ ಕುಟುಂಬಕ್ಕೆ 'ಅಲರ್ಜಿ' ಎಂಬ ಹೆಸರು ಬಂದದ್ದು 1906ರಲ್ಲಿ. ಆದರೆ ಹೆಸರು ಬರುವ ಮೊದಲೂ ಕಾಯಿಲೆ ಇತ್ತು, ಅದನ್ನು ನಿಭಾಯಿಸುವ ಹೆಂಗಸರೂ ಇದ್ದರು.

ನಾನು ವೈದ್ಯೆಯಲ್ಲ. ಎಂ.ಟೆಕ್. ಮುಗಿಸಿ ಸಾಫ್ಟ್‌ವೇರ್ ಕೆಲಸದಲ್ಲಿ ಇರುವವಳು, ಬಾರಾಮತಿಯಲ್ಲಿ ಸಂಸಾರ ನಡೆಸುವವಳು. ಈ ವಿಷಯ ಹಿಡಿದು ಓದಲು ಕಾರಣವಿದೆ. ನಮ್ಮ ಸುತ್ತಮುತ್ತ ಅಲರ್ಜಿಯ ಬಗ್ಗೆ ಎರಡೇ ಬಗೆಯ ಮಾತು ನಡೆಯುತ್ತದೆ. ಒಂದು, "ಅದೆಲ್ಲ ಮನಸ್ಸಿನ ಭ್ರಮೆ, ನಾಲ್ಕು ದಿನ ತಿಂದರೆ ರೂಢಿಯಾಗುತ್ತೆ." ಇನ್ನೊಂದು, ಐವತ್ತು ಅರವತ್ತು ಪದಾರ್ಥಗಳ ಉದ್ದನೆಯ ರಕ್ತಪರೀಕ್ಷೆಯ ಪಟ್ಟಿ ಹಿಡಿದುಕೊಂಡು, ಹಾಲು, ಗೋಧಿ, ಬೇಳೆ ಎಲ್ಲ ಬಿಡಿಸಿ ಮಗುವನ್ನು ಒಣಗಿಸುವುದು. ಮೊದಲನೆಯದರಿಂದ ಜೀವಕ್ಕೇ ಕುತ್ತು ಬರಬಹುದು. ಎರಡನೆಯದರಿಂದ ಬೆಳೆಯುವ ಮಕ್ಕಳ ಪೋಷಣೆ ಕೆಡುತ್ತದೆ. ಈ ಎರಡರ ನಡುವಿನ ದಾರಿ ಯಾವುದು ಎನ್ನುವುದು ಚರಿತ್ರೆ ಓದಿದರೆ ಸ್ವಲ್ಪ ತಿಳಿಯಾಗುತ್ತದೆ.

ಹೆಸರಿಗಿಂತ ಮೊದಲು

ಆಯುರ್ವೇದದಲ್ಲಿ ಸಾತ್ಮ್ಯ, ಅಸಾತ್ಮ್ಯ ಎಂಬ ಎರಡು ಪದಗಳಿವೆ. ಒಬ್ಬರ ದೇಹಕ್ಕೆ ಒಗ್ಗುವುದು ಸಾತ್ಮ್ಯ, ಒಗ್ಗದಿರುವುದು ಅಸಾತ್ಮ್ಯ. ಒಂದೇ ಪದಾರ್ಥ ಒಬ್ಬರಿಗೆ ಹಿತ, ಇನ್ನೊಬ್ಬರಿಗೆ ಅಹಿತ ಆಗಬಹುದು ಎಂಬ ತಿಳಿವಳಿಕೆ ಅದರಲ್ಲೇ ಇದೆ. ಚರಕಸಂಹಿತೆಯಲ್ಲಿ ವಿರುದ್ಧಾಹಾರದ ಪಟ್ಟಿಯೇ ಇದೆ. ಮೀನು ಮತ್ತು ಹಾಲನ್ನು ಕೂಡಿಸಿ ತಿನ್ನಬಾರದು ಎನ್ನುವುದು ಅದರಲ್ಲಿ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಮಾಧವನಿದಾನದಲ್ಲಿ ಶೀತಪಿತ್ತ ಎಂಬ ಕಾಯಿಲೆಯ ವರ್ಣನೆ ಬರುತ್ತದೆ: ಚರ್ಮದ ಮೇಲೆ ಕಣಜ ಕಚ್ಚಿದಂಥ ದದ್ದು, ತುರಿಕೆ. ನಮ್ಮ ಮನೆಮಾತಿನ 'ಪಿತ್ತದ ಗಂಧೆ' ಇದೇ.

ಅದರ ಜೊತೆಗೆ ಕನ್ನಡದಲ್ಲಿ ಇನ್ನೊಂದು ಪದವಿದೆ: ನಂಜು. ಗಾಯವಾದಾಗ, ಬಾಣಂತನದಲ್ಲಿ, ಮೈಮೇಲೆ ಕಜ್ಜಿ ಎದ್ದಾಗ "ಬದನೆಕಾಯಿ ನಂಜು, ತಿನ್ನಬೇಡ" ಎಂದು ಅಜ್ಜಿಯರು ಹೇಳುತ್ತಿದ್ದರು. ನಂಜು ಎಂದರೆ ವಿಷವೂ ಹೌದು, ತುರಿಕೆ ಕೀವು ಹೆಚ್ಚಿಸುವ ಗುಣವೂ ಹೌದು. ಈ ಮಾತಿನಲ್ಲಿ ಎಷ್ಟು ಹುರುಳಿದೆ ಎಂದು ಪ್ರಯೋಗಾಲಯದಲ್ಲಿ ನೋಡಿದವರು ಮೈಸೂರಿನವರೇ. ಆ ಕತೆಗೆ ಮುಂದೆ ಬರುತ್ತೇನೆ.

ಬೂಷ್ಟಿನ ಮಾತಿಗೆ ಬಂದರೆ, ಅದರ ವಿರುದ್ಧದ ಹೋರಾಟವಂತೂ ಪೂರ್ತಿ ಹೆಂಗಸರದ್ದೇ. ನಾವು ಬೂಷ್ಟು ಎನ್ನುವುದನ್ನು ಇಲ್ಲಿಯ ನೆರೆಹೊರೆಯವರು ಬುರಶಿ ಎನ್ನುತ್ತಾರೆ. ಉಪ್ಪಿನಕಾಯಿ ಜಾಡಿಗೆ ಒದ್ದೆ ಕೈ ಹಾಕಬಾರದು, ಮೇಲೆ ಎಣ್ಣೆ ನಿಂತಿರಬೇಕು, ಹಪ್ಪಳ ಸಂಡಿಗೆ ಗಳಗಳ ಅನ್ನುವ ತನಕ ಬಿಸಿಲು ಕಾಣಬೇಕು, ಬೇಳೆಕಾಳನ್ನು ಮಳೆಗಾಲಕ್ಕೆ ಮುಂಚೆ ಒಣಗಿಸಿ ಡಬ್ಬಿಗೆ ತುಂಬಬೇಕು, ಹಬ್ಬಕ್ಕೆ ಮುಂಚೆ ಗೋಡೆಗೆ ಸುಣ್ಣ ಹೊಡೆಯಬೇಕು. ಇವು ಬರಿಯ ಶಾಸ್ತ್ರಗಳಲ್ಲ. ಬೂಷ್ಟು ಬೆಳೆಯಲು ತೇವ ಬೇಕು. ಉಪ್ಪು, ಬಿಸಿಲು ಅದಕ್ಕೆ ತೇವ ಸಿಗದಂತೆ ಮಾಡುತ್ತವೆ, ಎಣ್ಣೆ ಗಾಳಿ ತಾಗದಂತೆ ತಡೆಯುತ್ತದೆ. ಹಸಿ ಸುಣ್ಣದ ಕ್ಷಾರ ಬೂಷ್ಟಿಗೆ ಆಗಿಬರುವುದಿಲ್ಲ. ಉತ್ತರ ಕರ್ನಾಟಕದ ಹಗೇವುಗಳಲ್ಲಿ ಜೋಳ ತುಂಬುವಾಗಲೂ ನೆಲ, ಗೋಡೆಯ ತೇವ ಕಾಳಿಗೆ ತಾಗದಂತೆ ಹುಲ್ಲು ಹೊಟ್ಟು ಹಾಸುತ್ತಿದ್ದರು. ಹಗೇವು ತೆರೆದ ಕೂಡಲೇ ಯಾರೂ ಒಳಗೆ ಇಳಿಯಬಾರದು ಎಂಬ ಕಟ್ಟುನಿಟ್ಟೂ ಇತ್ತು. ಒಳಗಿನ ಗಾಳಿ ಉಸಿರು ಕಟ್ಟಿಸುತ್ತಿತ್ತು.

ಇದು ನಮ್ಮಲ್ಲಿ ಮಾತ್ರ ಇದ್ದ ಎಚ್ಚರವಲ್ಲ. ಯಹೂದಿಗಳ ಹಳೆಯ ಧರ್ಮಗ್ರಂಥದಲ್ಲಿ, ಮನೆಯ ಗೋಡೆಗೆ ಹಸಿರು ಕೆಂಪು ಕಲೆ ಹಿಡಿದರೆ ಪುರೋಹಿತನನ್ನು ಕರೆಸಿ ತೋರಿಸಬೇಕು, ಮನೆಯನ್ನು ಏಳು ದಿನ ಮುಚ್ಚಬೇಕು, ಕಲೆಯ ಕಲ್ಲು ತೆಗೆದು ಗಾರೆ ಕೆರೆಸಬೇಕು, ಮತ್ತೆ ಬಂದರೆ ಮನೆಯನ್ನೇ ಕೆಡವಬೇಕು ಎಂಬ ವಿಧಿಯಿದೆ. ಆ ಬೂಷ್ಟು ಬೀಜಕಣಗಳಿಂದ ಬೆಳೆಯುವ ಒಂದು ಜೀವ ಎಂದು ತೋರಿಸಿಕೊಟ್ಟವನು ಇಟಲಿಯ ಫ್ಲಾರೆನ್ಸಿನ ಪಾದ್ರಿ, ಸಸ್ಯವಿಜ್ಞಾನಿ ಪಿಯೆರ್ ಆಂಟೋನಿಯೊ ಮಿಕೆಲಿ. 1729ರಲ್ಲಿ ಅವನು ಒಂದು ಬೂಷ್ಟಿಗೆ 'ಆಸ್ಪರ್ಜಿಲಸ್' ಎಂದು ಹೆಸರಿಟ್ಟ. ಸೂಕ್ಷ್ಮದರ್ಶಕದಲ್ಲಿ ಅದು ಚರ್ಚಿನಲ್ಲಿ ತೀರ್ಥ ಚಿಮುಕಿಸುವ ಸಾಧನದ ಹಾಗೆ ಕಂಡಿತ್ತಂತೆ.

ಹೆಸರು ಬಂದ ಬಗೆ

1819ರಲ್ಲಿ ಲಂಡನ್ನಿನ ವೈದ್ಯ ಜಾನ್ ಬಾಸ್ಟಾಕ್ ಒಬ್ಬ ರೋಗಿಯ ವಿವರವನ್ನು ವೈದ್ಯರ ಸಭೆಯ ಮುಂದಿಟ್ಟ. ಪ್ರತಿ ಬೇಸಿಗೆಯಲ್ಲಿ ಕಣ್ಣು ಕೆಂಪಾಗಿ, ಸೀನು ಬಂದು, ಉಸಿರು ಕಟ್ಟುವ ಆ ರೋಗಿ ಬೇರೆ ಯಾರೂ ಅಲ್ಲ, ಬಾಸ್ಟಾಕನೇ. ಅವನ ನಂತರ ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ ಎಂಬ ವೈದ್ಯ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಇದಕ್ಕೆ ಕಾರಣ ಹುಲ್ಲಿನ ಪರಾಗ ಎಂದು 1873ರಲ್ಲಿ ಬರೆದ. ಅದೇ ಪುಸ್ತಕದಲ್ಲಿ ಬೂಷ್ಟಿನ ಬೀಜಕಣಗಳನ್ನು ಮೂಸಿ ನೋಡಿ ಗಂಟಲು ಕಟ್ಟಿಸಿಕೊಂಡದ್ದನ್ನೂ ಹೇಳಿದ್ದಾನೆ. ಅದೇ 1873ರಲ್ಲಿ ನಮ್ಮ ದೇಶದಲ್ಲಿ ಡಿ. ಡಿ. ಕನಿಂಗ್ಹ್ಯಾಮ್ ಎಂಬ ವೈದ್ಯಾಧಿಕಾರಿ ಕಲ್ಕತ್ತೆಯ ಜೈಲುಗಳ ಬಳಿ ಗಾಳಿಯನ್ನು ಅಂಟುಗಾಜಿನ ಮೇಲೆ ಹಿಡಿದು, ಅದರಲ್ಲಿ ತುಂಬಿದ್ದ ಬೂಷ್ಟಿನ ಬೀಜಕಣಗಳ ಚಿತ್ರ ಬರೆದು ಪ್ರಕಟಿಸಿದ. ಅವನು ಹುಡುಕುತ್ತಿದ್ದದ್ದು ಸಾಂಕ್ರಾಮಿಕ ರೋಗಗಳ ಕಾರಣ. ಆದರೂ ಭಾರತದ ಗಾಳಿಯಲ್ಲಿ ಏನೇನು ತೇಲುತ್ತದೆ ಎಂದು ಲೆಕ್ಕ ಇಟ್ಟ ಮೊದಲಿಗರಲ್ಲಿ ಅವನೊಬ್ಬ.

ಊಟದ ಅಲರ್ಜಿಯ ಕಡೆಗೆ ದಾರಿ ತೆರೆದದ್ದು ಸಮುದ್ರದ ವಿಷ. ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಕಡಲಜೀವಿಯೊಂದರ ವಿಷವನ್ನು ಸ್ವಲ್ಪಸ್ವಲ್ಪವಾಗಿ ನಾಯಿಗಳಿಗೆ ಕೊಟ್ಟು, ಅವಕ್ಕೆ ರಕ್ಷಣೆ ಬರುತ್ತದೆಯೇ ಎಂದು ನೋಡುತ್ತಿದ್ದರು. ಆದದ್ದು ತಿರುಗುಮುರುಗು. ಮೊದಲ ಸಲ ತಡೆದುಕೊಂಡ ನಾಯಿಗೆ ಕೆಲವು ವಾರಗಳ ನಂತರ ಬಹಳ ಕಡಿಮೆ ಪ್ರಮಾಣ ಕೊಟ್ಟರೂ ಅದು ನಿಮಿಷಗಳಲ್ಲಿ ಸತ್ತಿತು. ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿ ಬೀಳಬಲ್ಲದು ಎಂದು ಆಗ ತಿಳಿಯಿತು. 1902ರಲ್ಲಿ ಇದಕ್ಕೆ ಅವರು 'ಅನಾಫಿಲಾಕ್ಸಿಸ್' ಎಂದು ಹೆಸರಿಟ್ಟರು. ರಿಶೆಗೆ 1913ರಲ್ಲಿ ನೊಬೆಲ್ ಬಂತು. ನಡುವೆ 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ, ದೇಹ ಬದಲಾದ ರೀತಿಯಲ್ಲಿ ವರ್ತಿಸುವುದಕ್ಕೆಲ್ಲ ಸೇರಿಸಿ 'ಅಲರ್ಜಿ' ಎಂಬ ಪದ ಕಟ್ಟಿದ.

1908ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಸ್ಕೋಫೀಲ್ಡ್ ಎಂಬ ವೈದ್ಯ, ಮೊಟ್ಟೆ ತಗುಲಿದರೆ ಸಾಕು ಮೈಯೆಲ್ಲ ಊದುತ್ತಿದ್ದ ಹುಡುಗನೊಬ್ಬನಿಗೆ ಮೊಟ್ಟೆಯನ್ನು ಕಾಣದಷ್ಟು ಕಡಿಮೆ ಪ್ರಮಾಣದಲ್ಲಿ ದಿನವೂ ಕೊಟ್ಟು, ತಿಂಗಳುಗಟ್ಟಲೆ ಹೆಚ್ಚಿಸುತ್ತ ಹೋಗಿ, ಕೊನೆಗೆ ಮೊಟ್ಟೆ ತಿನ್ನುವಂತೆ ಮಾಡಿದ. "ನಾಲ್ಕು ದಿನ ತಿಂದರೆ ರೂಢಿಯಾಗುತ್ತೆ" ಎನ್ನುವವರು ಇದನ್ನು ಗಮನಿಸಬೇಕು. ರೂಢಿ ಮಾಡಿಸುವ ವಿಧಾನ ಇರುವುದು ನಿಜ. ಆದರೆ ಅದು ವೈದ್ಯರ ಕಣ್ಣೆದುರು, ಕೂದಲೆಳೆಯ ಲೆಕ್ಕದಲ್ಲಿ ನಡೆಯುವ ಕೆಲಸ. ಅಡುಗೆಮನೆಯಲ್ಲಿ ಒತ್ತಾಯದಿಂದ ಒಂದು ತುತ್ತು ತಿನ್ನಿಸುವುದಲ್ಲ.

ಈ ತೊಂದರೆಯ ಕಾರಣ ರಕ್ತದಲ್ಲೇ ಇದೆ ಎಂದು ತೋರಿಸಿದ್ದು 1921ರ ಒಂದು ಪ್ರಯೋಗ. ಹೈಂಜ್ ಕ್ಯೂಸ್ಟ್ನರ್ ಎಂಬ ವೈದ್ಯನಿಗೆ ಮೀನು ಆಗುತ್ತಿರಲಿಲ್ಲ. ಅವನ ರಕ್ತದ ಸೀರಂ ತೆಗೆದು ಕಾರ್ಲ್ ಪ್ರೌಸ್ನಿಟ್ಜ್ ತನ್ನ ಚರ್ಮದೊಳಗೆ ಚುಚ್ಚಿಕೊಂಡ. ಮರುದಿನ ಅದೇ ಜಾಗಕ್ಕೆ ಮೀನಿನ ಸತ್ವ ಚುಚ್ಚಿದಾಗ ಅಲ್ಲಿ ಮಾತ್ರ ಗಂಧೆ ಎದ್ದಿತು. ಸೀರಮ್ಮಿನಲ್ಲಿದ್ದ ಆ ವಸ್ತು ಏನೆಂದು ಹಿಡಿಯಲು ಇನ್ನೂ 45 ವರ್ಷ ಬೇಕಾಯಿತು. 1966ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ದಂಪತಿ ತೆರುಕೊ ಇಶಿಜಾಕಾ ಮತ್ತು ಕಿಮಿಶಿಗೆ ಇಶಿಜಾಕಾ ಅದನ್ನು ಪ್ರತ್ಯೇಕಿಸಿದರು. ತಮ್ಮದೇ ಚರ್ಮವನ್ನು ಪ್ರಯೋಗಕ್ಕೆ ಒಡ್ಡಿದರು. ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನ್ನಿಕ್ ಬೇರೆ ದಾರಿಯಿಂದ ಅದೇ ವಸ್ತುವನ್ನು ತಲುಪಿದರು. 1968ರಲ್ಲಿ ಅದಕ್ಕೆ ಐಜಿಇ ಎಂಬ ಹೆಸರು ನಿಂತಿತು. ಇಂದು ಲ್ಯಾಬಿನ ವರದಿಗಳಲ್ಲಿ ನಾವು ನೋಡುವ ಅಕ್ಷರಗಳು ಇವೇ. ತೆರುಕೊ ಅವರ ಹೆಸರನ್ನು ನಮ್ಮ ಮಹಿಳಾ ವೇದಿಕೆಯ ಪುಟಗಳಲ್ಲಿ ದಾಖಲಿಸುವುದು ನನಗೆ ಸಂತೋಷದ ವಿಷಯ.

ಕೆಳಗಿನ ಮಹಡಿಯ ಬೂಷ್ಟು, ಪಿಂಪ್ರಿಯ ಮಣ್ಣು

ಬೂಷ್ಟು ಹಿಡಿದ ಮನೆಗೂ ದಮ್ಮಿಗೂ ಇರುವ ನಂಟನ್ನು 1920ರ ದಶಕದಲ್ಲಿ ಒತ್ತಿ ಹೇಳಿದವರು ಹಾಲೆಂಡಿನ ಸ್ಟಾರ್ಮ್ ಫಾನ್ ಲೂವೆನ್. ಅವರ ಮಾತಿನಿಂದ ಪ್ರೇರಣೆ ಪಡೆದ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಜಾನ್ ಫ್ರೀಮನ್, ದಮ್ಮಿನ ರೋಗಿಗಳ ಮನೆಗಳಿಂದ ಬೂಷ್ಟು ಸಂಗ್ರಹಿಸಿ ಬೆಳೆಸಲು ಸಿ. ಜೆ. ಲಾ ಟೂಶ್ ಎಂಬ ಶಿಲೀಂಧ್ರತಜ್ಞನನ್ನು ನೇಮಿಸಿಕೊಂಡರು. ಅವನ ಕೋಣೆಯ ಮೇಲಿನ ಮಹಡಿಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕೆಲಸ ಮಾಡುತ್ತಿದ್ದರು. 1928ರಲ್ಲಿ ಅವರ ಗಾಜಿನ ತಟ್ಟೆಯಲ್ಲಿ ಬಂದು ಬಿದ್ದು, ಸುತ್ತಲಿನ ಬ್ಯಾಕ್ಟೀರಿಯಾವನ್ನು ಕೊಂದ ಬೂಷ್ಟು ಲಾ ಟೂಶ್‌ನ ಕೋಣೆಯಿಂದಲೇ ಗಾಳಿಯಲ್ಲಿ ಬಂದಿರಬೇಕು ಎನ್ನುವುದು ಚರಿತ್ರೆಕಾರರು ಹೆಚ್ಚಾಗಿ ಒಪ್ಪುವ ಮಾತು. ಅಂದರೆ ಪೆನಿಸಿಲಿನ್ ಕತೆಯ ಹಿಂದೆ ಅಲರ್ಜಿಯ ಸಂಶೋಧನೆ ಇದೆ.

ಈ ಕತೆ ನಮ್ಮ ಜಿಲ್ಲೆಗೂ ಬಂತು. 1954ರಲ್ಲಿ ಪುಣೆಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೊಟಿಕ್ಸ್ ಸ್ಥಾಪನೆಯಾಗಿ, 1955ರಿಂದ ಅಲ್ಲಿ ಪೆನಿಸಿಲಿನ್ ತಯಾರಾಗತೊಡಗಿತು. ಅಲ್ಲಿಯ ಸಂಶೋಧನಾ ವಿಭಾಗದಲ್ಲಿದ್ದವರು ಎಂ. ಜೆ. ತಿರುಮಲಾಚಾರ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇದ್ದಾಗಲೇ ಬೆಳೆಗಳಿಗೆ ಬರುವ ತುಕ್ಕುರೋಗದ ಶಿಲೀಂಧ್ರಗಳ ಮೇಲೆ ಹೆಸರು ಮಾಡಿದ್ದವರು. ಪಿಂಪ್ರಿಯ ಮಣ್ಣಿನಿಂದಲೇ ಬೇರ್ಪಡಿಸಿದ ಒಂದು ಸೂಕ್ಷ್ಮಜೀವಿಯಿಂದ ಅವರು ಮತ್ತು ಸಂಗಡಿಗರು ಶಿಲೀಂಧ್ರಗಳನ್ನು ಕೊಲ್ಲುವ 'ಹ್ಯಾಮೈಸಿನ್' ಎಂಬ ಔಷಧ ಪಡೆದು 1961ರಲ್ಲಿ ಪ್ರಕಟಿಸಿದರು. ಆ ಸೂಕ್ಷ್ಮಜೀವಿಗೆ ಊರ ಹೆಸರನ್ನೇ ಇಟ್ಟರು: ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ. 1967ರಲ್ಲಿ ಅವರಿಗೆ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು. ಪುಣೆಯಲ್ಲಿ ಕನ್ನಡಿಗರ ಕೊಡುಗೆ ಎಂದು ಪಟ್ಟಿ ಮಾಡುವಾಗ ಗಾಯಕರು, ಹೋಟೆಲಿನವರು ನೆನಪಾಗುತ್ತಾರೆ. ಬೂಷ್ಟಿನ ಬೆನ್ನು ಹತ್ತಿದ ಈ ವಿಜ್ಞಾನಿಯನ್ನೂ ಆ ಪಟ್ಟಿಗೆ ಸೇರಿಸಬೇಕು.

ಬೂಷ್ಟಿನ ಕೇಡು ಮೂರು ಬಗೆ ಎನ್ನುವುದನ್ನು ಇಲ್ಲೇ ಬಿಡಿಸಿ ಹೇಳಿಬಿಡುತ್ತೇನೆ, ಏಕೆಂದರೆ ನಾವು ಮೂರನ್ನೂ ಕಲಸಿಬಿಡುತ್ತೇವೆ. ಒಂದು, ಸೋಂಕು: ಗಜಕರ್ಣದ ಹಾಗೆ ಶಿಲೀಂಧ್ರ ಮೈಮೇಲೆ ಬೆಳೆಯುವುದು. ಎರಡು, ವಿಷ: 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು, ಆಗ ಸಿಕ್ಕಿದ ವಿಷವೇ ಅಫ್ಲಾಟಾಕ್ಸಿನ್. 1974ರಲ್ಲಿ ರಾಜಸ್ಥಾನ, ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತು ಕೆಟ್ಟು ತೀರಿಕೊಂಡರು. ಇದು ಅಲರ್ಜಿಯಲ್ಲ, ಯಾರು ತಿಂದರೂ ವಿಷವೇ. ಮೂರನೆಯದು ಅಲರ್ಜಿ: ಕೆಲವರಿಗೆ ಮಾತ್ರ, ಬೀಜಕಣ ಉಸಿರಿನಲ್ಲಿ ಹೋದರೆ ಸೀನು, ಕಣ್ಣುರಿ, ದಮ್ಮು. ಬೂಷ್ಟು ಬಂದ ಶೇಂಗಾ, ಬ್ರೆಡ್ಡು ಎಸೆಯಬೇಕಾದದ್ದು ಎರಡನೆಯ ಕಾರಣಕ್ಕೆ, ಮನೆಯ ಎಲ್ಲರ ಸಲುವಾಗಿ. ಮೇಲಿನದನ್ನು ಕೆರೆದು ಉಳಿದದ್ದನ್ನು ತಿನ್ನುವುದು ಸಲ್ಲ. ಕಣ್ಣಿಗೆ ಕಾಣದ ಎಳೆಗಳು ಒಳಗೆ ಇಳಿದಿರುತ್ತವೆ.

ಮೈಸೂರಿನ ಬದನೆಕಾಯಿ

ಈಗ ಬದನೆಕಾಯಿಗೆ ಬರೋಣ. ಮೈಸೂರಿನ ಸಿ.ಎಫ್.ಟಿ.ಆರ್.ಐ. ಸಂಸ್ಥೆಯ ಬಿ. ಎನ್. ಹರೀಶ್ ಬಾಬು, ವೈ. ಪಿ. ವೆಂಕಟೇಶ್ ಹಾಗೂ ಮೈಸೂರಿನ ಅಲರ್ಜಿ ತಜ್ಞ ಪಿ. ಎ. ಮಹೇಶ್ ಅವರು ಬದನೆಕಾಯಿಯ ಅಲರ್ಜಿಯ ಬಗ್ಗೆ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬದನೆ ಆಗುವುದಿಲ್ಲ ಎನ್ನುವವರಲ್ಲಿ ಹೆಂಗಸರೇ ಹೆಚ್ಚು ಎಂಬುದು ಅದರ ಶೀರ್ಷಿಕೆಯಲ್ಲೇ ಇದೆ. ತೊಂದರೆ ಕಾಣುವವರು ಸಾಕಷ್ಟು ಜನ; ಆದರೆ ಅಧ್ಯಯನದಲ್ಲಿದ್ದ ಒಟ್ಟು ಜನರಲ್ಲಿ ನಿಜವಾದ ಐಜಿಇ ಅಲರ್ಜಿ ಇರುವವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಉಳಿದವರದು ಸುಳ್ಳೇ ಎಂದರೆ ಅಲ್ಲ. ಬದನೆಯಲ್ಲಿ ಹಿಸ್ಟಮಿನ್‌ನಂಥ ವಸ್ತುಗಳು ಸಹಜವಾಗಿಯೇ ಇವೆ. ಅವು ನೇರವಾಗಿ ತುರಿಕೆ ತರಬಲ್ಲವು. ಅಜ್ಜಿಯರ 'ನಂಜು' ಪೂರ್ತಿ ಮೂಢನಂಬಿಕೆಯೂ ಅಲ್ಲ, ಎಲ್ಲರಿಗೂ ಅನ್ವಯಿಸುವ ನಿಯಮವೂ ಅಲ್ಲ.

ಇದಕ್ಕಿಂತ ದೊಡ್ಡದು ಯುರೋಪಿನ ಯೋಜನೆಯೊಂದರ ಅಂಗವಾಗಿ ಬೆಂಗಳೂರು, ಮೈಸೂರುಗಳಲ್ಲಿ ನಡೆದ ಸಮೀಕ್ಷೆ. 20ರಿಂದ 54 ವರ್ಷದ 11,000ಕ್ಕೂ ಹೆಚ್ಚು ಜನರನ್ನು ವಿಚಾರಿಸಿ, ಕೆಲವರ ರಕ್ತ ಪರೀಕ್ಷಿಸಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಾವುದಾದರೊಂದು ಆಹಾರದ ವಿರುದ್ಧ ರಕ್ತದಲ್ಲಿ ಐಜಿಇ ಇದ್ದವರು ಶೇ. 26.5. ತಿಂದಾಗ ತೊಂದರೆಯೂ ಆಗಿ, ರಕ್ತದಲ್ಲೂ ಕಂಡು, ಬಹುಶಃ ಅಲರ್ಜಿ ಇದೆ ಎನ್ನಬಹುದಾದವರು ಶೇ. 1.2 ಮಾತ್ರ, ಮುಖ್ಯವಾಗಿ ಹಸುವಿನ ಹಾಲು ಮತ್ತು ಸೇಬು. ಶಾಲಾಮಕ್ಕಳಲ್ಲಿ ಇದೇ ಬಗೆಯ ಅಧ್ಯಯನ 2020ರಲ್ಲಿ ಪ್ರಕಟವಾದಾಗ ನಮ್ಮ ಮಕ್ಕಳ ಸಂಖ್ಯೆ ಶೇ. 0.14 ಇತ್ತು; ಹಾಂಗ್‌ಕಾಂಗಿನಲ್ಲಿ ಶೇ. 1.5.

ಗೆಳತಿಯರೇ, ಈ ಲೇಖನದಿಂದ ಒಂದೇ ಒಂದು ಅಂಶ ನೆನಪಿಡುವುದಾದರೆ 26.5 ಮತ್ತು 1.2ರ ನಡುವಿನ ಅಂತರ ನೆನಪಿಡಿ. ರಕ್ತದಲ್ಲಿ ಐಜಿಇ ಇರುವುದೇ ಬೇರೆ, ಅಲರ್ಜಿ ಇರುವುದೇ ಬೇರೆ. ನನ್ನ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಸಿಸ್ಟಮ್ಮಿನಲ್ಲಿ ಅಲರ್ಟ್ ಬಂದ ಮಾತ್ರಕ್ಕೆ ಸರ್ವರ್ ಬಿದ್ದಿದೆ ಎಂದಲ್ಲ. ಯಾವ ತೊಂದರೆಯೂ ಇಲ್ಲದೆ ದಿನವೂ ತಿನ್ನುತ್ತಿರುವ ಗೋಧಿ, ಹಾಲು, ತೊಗರಿಬೇಳೆಯನ್ನು ಬರಿ ಒಂದು ಪಟ್ಟಿ ನೋಡಿ ಬಿಡಿಸುವುದು ಸರಿಯಲ್ಲ. ಏನು ತಿಂದೆ, ಎಷ್ಟು ಹೊತ್ತಿಗೆ ಏನಾಯಿತು, ಮತ್ತೆ ತಿಂದಾಗಲೂ ಆಯಿತೇ ಎಂದು ಬರೆದಿಟ್ಟ ಟಿಪ್ಪಣಿ ಎಷ್ಟೋ ಸಲ ಪಟ್ಟಿಗಿಂತ ಹೆಚ್ಚು ಹೇಳುತ್ತದೆ. ಅದನ್ನು ಅಲರ್ಜಿ ತಜ್ಞರಿಗೆ ತೋರಿಸಿ. ಪರೀಕ್ಷೆ ಯಾವುದು ಬೇಕೆಂದು ಅವರು ಹೇಳಲಿ. ಹಾಲು ಕುಡಿದರೆ ಹೊಟ್ಟೆ ಉಬ್ಬರ, ಭೇದಿ ಆಗುವುದು ಹೆಚ್ಚಾಗಿ ಲ್ಯಾಕ್ಟೋಸ್ ಜೀರ್ಣವಾಗದೆ, ಅದು ಅಲರ್ಜಿಯಲ್ಲ.

ಪಶ್ಚಿಮದ ಪಟ್ಟಿಗಳನ್ನೇ ನಂಬಿ ಕೂರುವ ಹಾಗೂ ಇಲ್ಲ. ಮುಂಬೈಯ ವೈದ್ಯರ ತಂಡವೊಂದು 2001ರಲ್ಲಿ ಕಡಲೆಯನ್ನು ನಮ್ಮ ಉಪಖಂಡದ ಮುಖ್ಯ ಅಲರ್ಜಿಕಾರಕ ಆಹಾರಗಳಲ್ಲಿ ಒಂದು ಎಂದು ಗುರುತಿಸಿತು. ಹೋಳಿಗೆ, ಪುರಣಪೋಳಿ, ಜುಣಕ, ಬೋಂಡ, ಬೇಸನ್ ಉಂಡೆ ಎಂದು ಕಡಲೆ ಇಲ್ಲದ ಹಬ್ಬವೇ ನಮ್ಮಲ್ಲಿಲ್ಲ.

ಶೇಂಗಾ ಕಲಿಸಿದ ಪಾಠ

2000ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಅಲರ್ಜಿಯ ಅಪಾಯವಿರುವ ಮಕ್ಕಳಿಗೆ ಮೂರು ವರ್ಷದ ತನಕ ಶೇಂಗಾ ಕೊಡಬೇಡಿ ಎಂದು ಸಲಹೆ ಕೊಟ್ಟಿತ್ತು. ಆದರೂ ಶೇಂಗಾ ಅಲರ್ಜಿ ಏರುತ್ತಲೇ ಹೋಯಿತು. 2008ರಲ್ಲಿ ಆ ಸಲಹೆಯನ್ನು ಹಿಂದಕ್ಕೆ ಪಡೆದರು. ಅದೇ ಹೊತ್ತಿಗೆ ಲಂಡನ್ನಿನ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು ಒಂದು ಸಂಗತಿ ಗಮನಿಸಿದ್ದರು: ಇಸ್ರೇಲಿನ ಯಹೂದಿ ಮಕ್ಕಳು ಹಸುಗೂಸಿನಿಂದಲೇ ಶೇಂಗಾ ತಿಂಡಿ ತಿನ್ನುತ್ತಾರೆ, ಅವರಲ್ಲಿ ಅಲರ್ಜಿ ಬಹಳ ಕಡಿಮೆ, ಬ್ರಿಟನ್ನಿನ ಯಹೂದಿ ಮಕ್ಕಳು ತಿನ್ನುವುದಿಲ್ಲ, ಅವರಲ್ಲಿ ಹೆಚ್ಚು. ನಂತರ 4ರಿಂದ 11 ತಿಂಗಳ 640 ಕೂಸುಗಳನ್ನು ಎರಡು ಗುಂಪು ಮಾಡಿ ಅವಕ್ಕೆ ಐದು ವರ್ಷ ತುಂಬುವ ತನಕ ನೋಡಿದರು. 2015ರಲ್ಲಿ ಬಂದ ಉತ್ತರ: ಬೇಗ ಶೇಂಗಾ ತಿಂದ ಗುಂಪಿನಲ್ಲಿ ಅಲರ್ಜಿ ಸುಮಾರು ಶೇ. 80ರಷ್ಟು ಕಡಿಮೆ.

ಲ್ಯಾಕ್ ಅವರ ವಾದ ಹೀಗಿದೆ: ಬಾಯಿಯ ಮೂಲಕ ಬಂದ ಆಹಾರವನ್ನು ದೇಹ ಸ್ನೇಹಿತನೆಂದು ಕಲಿಯುತ್ತದೆ, ಒಡೆದ ಚರ್ಮದ ಮೂಲಕ ಬಂದದ್ದನ್ನು ಶತ್ರುವೆಂದು ಕಲಿಯುತ್ತದೆ. ಎಕ್ಸಿಮಾ ಇರುವ ಕೂಸಿಗೆ ಶೇಂಗಾ ಎಣ್ಣೆ ಇರುವ ಮುಲಾಮು ಹಚ್ಚಿದವರಲ್ಲಿ ಅಲರ್ಜಿ ಹೆಚ್ಚಿದ್ದುದನ್ನು ಅವರು 2003ರಲ್ಲೇ ತೋರಿಸಿದ್ದರು. ಹಾಗಾಗಿ ಕೂಸಿನ ಚರ್ಮ ಒಡೆದು ರಸಿಕೆ ಇದ್ದರೆ ಯಾವ ಎಣ್ಣೆ ಹಚ್ಚಬೇಕೆಂದು ವೈದ್ಯರನ್ನು ಕೇಳುವುದು ಒಳ್ಳೆಯದು. ಅನ್ನಪ್ರಾಶನದ ನಂತರ ನಮ್ಮ ಮನೆಗಳಲ್ಲಿ ತಿನ್ನುವುದನ್ನೆಲ್ಲ ಮೆತ್ತಗೆ ಮಾಡಿ ಒಂದೊಂದಾಗಿ ರುಚಿ ತೋರಿಸುತ್ತ ಹೋಗುವ ಪದ್ಧತಿ ಈ ವಿಜ್ಞಾನಕ್ಕೆ ಹತ್ತಿರವೇ ಇದೆ. ಕಾರಣವಿಲ್ಲದೆ ಮುಂದೂಡಬೇಕಿಲ್ಲ. ಇಡೀ ಶೇಂಗಾ ಕಾಳು ಮಾತ್ರ ಕೂಸಿಗೆ ಕೊಡಲೇಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ತೀವ್ರ ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿ ಇರುವ ಕೂಸಿಗೆ ಮೊದಲ ಸಲ ಕೊಡುವ ಮುಂಚೆ ವೈದ್ಯರನ್ನು ಕೇಳಿ.

ನಮ್ಮ ಬಾರಾಮತಿಯಲ್ಲಿ

ಬಾರಾಮತಿ ಮಳೆನೆರಳಿನ ಊರು. ಇಲ್ಲಿ ಬೂಷ್ಟೆಲ್ಲಿ ಎಂದು ಕೇಳಬಹುದು. 1880ರ ದಶಕದಲ್ಲಿ ನೀರಾ ಎಡದಂಡೆ ಕಾಲುವೆ ಬಂದ ಮೇಲೆ ಒಣಭೂಮಿಯ ಒಂದು ಭಾಗ ಕಬ್ಬಿನ ಸೀಮೆಯಾಯಿತು. ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯ ರಾಶಿ ಒದ್ದೆಯಾಗಿ ಬಿಸಿಯೇರಿದಾಗ ಅದರಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಧೂಳು ಉಸಿರಾಡಿದ ಕಾರ್ಮಿಕರಿಗೆ ಜ್ವರ, ಕೆಮ್ಮು, ಉಬ್ಬಸ ಬರುವ ಕಾಯಿಲೆಯನ್ನು ಅಮೆರಿಕದ ವೈದ್ಯರು 1941ರಲ್ಲಿ ವರ್ಣಿಸಿದರು. ಬ್ಯಾಗಸೋಸಿಸ್ ಎಂಬ ಅದು ನಮ್ಮ ದೇಶದ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಗೆ ಸೇರಿದೆ. ಹೊಲದ ಬದುಗಳಲ್ಲಿ ಬೆಳೆಯುವ, ನಾವು ಕಾಂಗ್ರೆಸ್ ಗಿಡ ಎಂದೂ ಇಲ್ಲಿಯವರು ಗಾಜರ್ ಗವತ ಎಂದೂ ಕರೆಯುವ ಪಾರ್ಥೇನಿಯಂ ದೇಶದಲ್ಲಿ ದಾಖಲಾದದ್ದು 1955ರಲ್ಲಿ, ಪುಣೆಯಲ್ಲಿ. ಅದರಿಂದ ಬರುವ ಚರ್ಮದ ಉರಿಯೂತವನ್ನು 1970ರ ದಶಕದಲ್ಲಿ ಪುಣೆಯ ವೈದ್ಯರು ಬರೆದರು. ಅದರ ಪರಾಗದಿಂದ ಬೆಂಗಳೂರಿಗರ ಮೂಗು ಸೋರಿದ್ದನ್ನು ಅಲ್ಲಿಯ ಸಂಶೋಧಕರು ದಾಖಲಿಸಿದರು.

ಊಟದ ಕಡೆ ನೋಡಿದರೆ, ನಮ್ಮ ಎಂ.ಐ.ಡಿ.ಸಿ.ಯಲ್ಲಿ ಚೀಸ್ ತಯಾರಾಗುತ್ತದೆ. 2011ರಿಂದ ಫೆರೆರೊ ಚಾಕೊಲೇಟ್ ಕಾರ್ಖಾನೆಯೂ ಇದೆ. ಹಾಲು, ಹೇಜಲ್‌ನಟ್, ಸೋಯಾ ಇಂದು ಮಕ್ಕಳ ಕೈಯಲ್ಲಿ ಹೊಳೆಯುವ ಕಾಗದದಲ್ಲಿ ಬಂದು ಕೂರುತ್ತವೆ. ಅದಕ್ಕೇ ಪೊಟ್ಟಣದ ಹಿಂಬದಿ ಓದುವ ಅಭ್ಯಾಸ ಬೇಕು. 2020ರ ಎಫ್.ಎಸ್.ಎಸ್.ಎ.ಐ. ನಿಯಮಗಳ ಪ್ರಕಾರ ಗ್ಲುಟೆನ್ ಇರುವ ಧಾನ್ಯ, ಸಿಗಡಿ ಏಡಿಯಂಥವು, ಮೊಟ್ಟೆ, ಮೀನು, ಶೇಂಗಾ ಮತ್ತು ಗೋಡಂಬಿ ಬಾದಾಮಿಯಂಥವು, ಸೋಯಾ, ಹಾಲು, ಹಾಗೂ ಕಿಲೋಗೆ 10 ಮಿಲಿಗ್ರಾಂ ಮೇಲ್ಪಟ್ಟ ಸಲ್ಫೈಟ್ ಇದ್ದರೆ ಅಲರ್ಜಿಯ ಸೂಚನೆ ಮುದ್ರಿಸಬೇಕು. ಆ ಪಟ್ಟಿಯಲ್ಲಿ ಎಳ್ಳು ಇಲ್ಲ, ಸಾಸಿವೆ ಇಲ್ಲ, ಕಡಲೆಯೂ ಇಲ್ಲ. ಎಳ್ಳು ಬೆಲ್ಲ ಹಂಚುವ ನಾಡಿನವರು ನಾವು. ಎಳ್ಳು ಆಗದವರು ಪದಾರ್ಥಗಳ ಪೂರ್ತಿ ಪಟ್ಟಿಯನ್ನೇ ಓದಬೇಕು.

ಮನೆಯೊಳಗೆ ಮಾಡಬೇಕಾದದ್ದು

ಹಳೆಯ ವಾಡೆಯ ಮನೆಗಳಲ್ಲಿ ಅಂಗಳವಿತ್ತು, ಗಾಳಿ ಆಡುತ್ತಿತ್ತು. ಈಗಿನ ಫ್ಲ್ಯಾಟಿನಲ್ಲಿ ಮಳೆಗಾಲದಲ್ಲಿ ಕಿಟಕಿ ಮುಚ್ಚಿ, ಒಳಗೇ ಬಟ್ಟೆ ಒಣಗಿಸಿ, ಬೇಸಿಗೆಯಲ್ಲಿ ನೀರಿನ ಕೂಲರ್ ಹಾಕಿ ನಾವೇ ತೇವ ಕೂಡಿಹಾಕುತ್ತೇವೆ. ತೇವ ಮತ್ತು ಬೂಷ್ಟಿನ ಮನೆಗಳಲ್ಲಿ ಇರುವವರಿಗೆ ಉಸಿರಾಟದ ತೊಂದರೆ, ದಮ್ಮು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮಾರ್ಗಸೂಚಿ ಹೊರಡಿಸಿತು. 2020ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ಬೂಷ್ಟು ತುಂಬಿದ ಬಾಡಿಗೆ ಮನೆಯಿಂದಾಗಿ ಉಸಿರಾಟದ ಕಾಯಿಲೆಗೆ ಬಲಿಯಾಯಿತು. ತಂದೆತಾಯಿ ಮತ್ತೆ ಮತ್ತೆ ದೂರು ಕೊಟ್ಟಿದ್ದರು. ಆ ಮಗುವಿನ ಹೆಸರಿನಲ್ಲೇ 2023ರಲ್ಲಿ ಅಲ್ಲಿ ಕಾನೂನು ಬಂತು. ಗೋಡೆಯ ಕಪ್ಪು ಕಲೆ ಬರಿ ಅಂದಚಂದದ ವಿಷಯವಲ್ಲ.

ಮಾಡಬೇಕಾದದ್ದು ಕಷ್ಟದ್ದಲ್ಲ. ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ: ಟೆರೇಸಿನ ಬಿರುಕೋ, ಬಚ್ಚಲಿನ ಪೈಪೋ. ಅದನ್ನು ಸರಿಪಡಿಸದೆ ಮೇಲೆ ಬಣ್ಣ ಹೊಡೆಸಿದರೆ ಮುಂದಿನ ಮಳೆಗೆ ಮತ್ತೆ ಬರುತ್ತದೆ. ಒದ್ದೆಯಾದ ಹಾಸಿಗೆ, ಚಾಪೆಯನ್ನು ಒಂದೆರಡು ದಿನದೊಳಗೆ ಒಣಗಿಸಿ. ಟೈಲ್ಸು, ಗಾಜಿನ ಮೇಲಿನ ಬೂಷ್ಟನ್ನು ಸೋಪಿನ ನೀರಿನಿಂದ ಉಜ್ಜಿ ತೊಳೆದು ಒರೆಸಿ. ಒಣ ಪೊರಕೆಯಿಂದ ಗುಡಿಸಿದರೆ ಬೀಜಕಣ ಮನೆಯೆಲ್ಲ ಹಾರುತ್ತದೆ. ಬ್ಲೀಚು ಬಳಿದು ಬಿಟ್ಟರೆ ಸಾಲದು, ಸತ್ತ ಬೂಷ್ಟೂ ಅಲರ್ಜಿ ಮಾಡುತ್ತದೆ. ದಮ್ಮು ಇರುವವರು ಈ ಕೆಲಸಕ್ಕೆ ಕೈ ಹಾಕಬಾರದು. ಮಾಡುವವರೂ ಮೂಗು ಬಾಯಿ ಮುಚ್ಚಿಕೊಳ್ಳಲಿ. ಅಡುಗೆ, ಸ್ನಾನದ ಹೊತ್ತಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿ. ಕಪಾಟನ್ನು ಹೊರಗೋಡೆಯಿಂದ ಸ್ವಲ್ಪ ದೂರ ಇಡಿ. ಮೈದಾ, ರವೆಯನ್ನು ಬಿಗಿ ಡಬ್ಬಿಯಲ್ಲಿಟ್ಟು ಬೇಗ ಮುಗಿಸಿ; ತೇವದಲ್ಲಿ ಅದರೊಳಗೆ ಬೆಳೆಯುವ ಕಣ್ಣಿಗೆ ಕಾಣದ ನುಸಿಗಳು ಧೂಳಿನ ಅಲರ್ಜಿ ಇರುವವರಿಗೆ ತಿಂದ ಮೇಲೆ ತೀವ್ರ ತೊಂದರೆ ಕೊಟ್ಟ ಉದಾಹರಣೆಗಳಿವೆ.

ಎರಡು ಎಚ್ಚರಿಕೆಗಳು. ದಮ್ಮು ಇರುವವರಿಗೆ ಕೆಮ್ಮು, ಕಂದು ಕಫ ವಾಸಿಯಾಗದೆ ಉಳಿದಿದ್ದರೆ ಅದು ಆಸ್ಪರ್ಜಿಲಸ್ ಬೂಷ್ಟಿನಿಂದ ಶ್ವಾಸಕೋಶದಲ್ಲಿ ಆಗುವ ಅಲರ್ಜಿ ಇರಬಹುದು. 1952ರಲ್ಲೇ ವರ್ಣಿಸಲಾದ ಈ ಕಾಯಿಲೆಯನ್ನು ನಮ್ಮ ದೇಶದಲ್ಲಿ ಇಂದಿಗೂ ಕ್ಷಯವೆಂದು ತಿಳಿದು ಔಷಧ ಕೊಡುವುದುಂಟು. ಎರಡನೆಯದು, ಏನಾದರೂ ತಿಂದ ಕೆಲವೇ ನಿಮಿಷಗಳಲ್ಲಿ ಗಂಧೆಯ ಜೊತೆಗೆ ಧ್ವನಿ ಬದಲಾದರೆ, ಉಸಿರು ಕಟ್ಟಿದರೆ, ವಾಂತಿಯಾಗಿ ತಲೆ ಸುತ್ತಿದರೆ ಅದು ರಿಶೆ ಕಂಡ ಅನಾಫಿಲಾಕ್ಸಿಸ್. ಅದಕ್ಕೆ ಮದ್ದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು, ಅದೂ ತಡವಿಲ್ಲದೆ. ಅಲರ್ಜಿಯ ಮಾತ್ರೆ ನುಂಗಿಸಿ ಕಾಯುತ್ತ ಕೂರಬಾರದು. ಕಾಲು ಎತ್ತರಿಸಿ ಮಲಗಿಸಿ, ಉಸಿರು ಕಟ್ಟಿದ್ದರೆ ಕೂರಿಸಿ, ಎದ್ದು ಓಡಾಡಿಸಬೇಡಿ, 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

ನಮ್ಮ ಸಂಘದ ಸಮಾರಂಭಗಳಲ್ಲಿ ಊಟ ತಯಾರಿಸುವವರು, ಬಡಿಸುವವರು ಹೆಚ್ಚಾಗಿ ನಾವೇ. ಮುಂದಿನ ಹಬ್ಬದೂಟಕ್ಕೆ ಪ್ರತಿ ಪಾತ್ರೆಯ ಮುಂದೆ ಒಂದು ಚೀಟಿ ಇಡೋಣ: ಇದರಲ್ಲಿ ಶೇಂಗಾ ಇದೆ, ಇದರಲ್ಲಿ ಗೋಡಂಬಿ ಇದೆ, ಇದು ಕಡಲೆಹಿಟ್ಟಿನದು, ಇದರಲ್ಲಿ ಎಳ್ಳಿದೆ. ಪ್ರತಿ ಪಾತ್ರೆಗೂ ಬೇರೆ ಸೌಟು ಇರಲಿ. ಯಾರಾದರೂ "ನನಗೆ ಒಗ್ಗಲ್ಲ" ಎಂದರೆ ಒತ್ತಾಯ ಮಾಡದೆ ಬೇರೆ ಪಲ್ಯ ಬಡಿಸೋಣ.